ಹತ್ತೊಂಬತ್ತನೆಯ ಟಿಕೆಟ್

ಅಕ್ಟೋಬರ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನೆಗಡಿ ವಾಸಿಯಾಯಿತೇ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀ, ಬೈದುಕೋ. "ಇನ್ನೆರಡು ವರ್ಷ ಅಲ್ಲೇ ಇರು, ಪುಟ್ಟಿ ನಮ್ಮನೆಗೆ ಒಗ್ಗಿಕೊಂಡಿದ್ದಾಳೆ" ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟೆ! ಐದು ವರ್ಷದ ಮಗಳನ್ನು ನಿನ್ನ ಮಡಿಲಿಗೆ ಹಾಕಿ ಬಂದವಳು ನಾನು, ಈಗವಳಿಗೆ ಎಂಟು. ಇಲ್ಲಿಯ ಹೆಡ್‌ಮಿಸ್ಟ್ರೆಸ್ಸೂ ಇನ್ನೆರಡು ವರ್ಷ ಇರಿ ಎಂದು ಸಹಿಗೆ ಕಾಗದ ಕೊಟ್ಟಿದ್ದಾರೆ. ಅದು ಮೇಜಿನ ಮೇಲೆ ಹಾಗೇ ಬಿದ್ದಿದೆ.

ನಿನ್ನೆ ರಜೆ. ನನ್ನ ಕ್ಲಾಸಿನ ಮಕ್ಕಳನ್ನು ಸರೋವರದ ನಡುವಿನ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಎಂಥಾ ಮಂಜೆಂದರೆ, ದೋಣಿ ನೀರಿನ ಮೇಲೆ ಹೋಗುತ್ತಿದೆಯೋ ಮೋಡದೊಳಗೋ ತಿಳಿಯಲಿಲ್ಲ. ಮಕ್ಕಳೆಲ್ಲ ಪಿಸುಪಿಸು. ಗಲಾಟೆ ಮಾಡ್ರೋ ಎಂದು ನಾನೇ ಹೇಳಬೇಕೆನಿಸಿತು, ನೋಡು. ದ್ವೀಪದಲ್ಲಿ ಬ್ರೆಡ್ಡು ತಿಂದು ಹುಲ್ಲಿನ ಮೇಲೆ ಅಂಗಾತ ಮಲಗಿದೆವು. ಎಳೆಬಿಸಿಲು ಬಂತು. ಯಾರದೋ ತಲೆ ನನ್ನ ತೋಳಿನ ಮೇಲಿತ್ತು. ಯಾವ ದೇಶದಲ್ಲಿದ್ದೇನೆ ಎಂಬುದೇ ಮರೆತುಹೋಗಿ, ಹಾಗೇ ಜೊಂಪು ಹತ್ತಿತು.

ವಾಪಸು ಹೊರಡುವಾಗ ಎಡವಟ್ಟಾಯಿತು. ನನ್ನ ಪದ್ಧತಿ ಗೊತ್ತಲ್ಲ, ಮಕ್ಕಳನ್ನು ಜೋಡಿಜೋಡಿಯಾಗಿ ಕೈ ಹಿಡಿಸಿ ಎಣಿಸುವುದು; ಒಂಟಿಯಾಗಿ ಉಳಿದ ಮಗು ನನ್ನ ಕೈ ಹಿಡಿಯಬೇಕು. ಒಂಬತ್ತು ಜೋಡಿ ದೋಣಿ ಹತ್ತಿದವು. ನನ್ನ ಕೈ ಖಾಲಿ. ಒಂದು ಮಗು ಕಾಣುತ್ತಿಲ್ಲ ಎಂದು ದೋಣಿ ನಿಲ್ಲಿಸಿ ದ್ವೀಪವೆಲ್ಲ ಕೂಗಿಕೊಂಡು ಓಡಾಡಿದೆ. ದೋಣಿಯವನೂ ಗೊಣಗುತ್ತಲೇ ಪೊದೆಪೊದೆ ಹುಡುಕಿದ. ಕೊನೆಗೆ ನಮ್ಮ ಕ್ಲಾಸಿನ ಮಾತಿನಮಲ್ಲಿ ಓಡಿಬಂದು ನನ್ನನ್ನು ತಡೆದಳು.

"ಟೀಚರ್, ನಾವು ಬಂದಿದ್ದೇ ಹದಿನೆಂಟು ಜನ."

ಹಾಗಾದರೆ ಬೆಳಗ್ಗೆ ಮಕ್ಕಳ ಟಿಕೆಟ್ ಹತ್ತೊಂಬತ್ತು ಯಾಕೆ ತಗೊಂಡಿರಿ ಎಂದು ದೋಣಿಯವನು ಕೇಳಿದ. ಚೀಲ ತೆಗೆದು ಎಣಿಸಿದೆ. ಹೌದು, ಹತ್ತೊಂಬತ್ತೇ.

"ಟೀಚರ್, ಪುಟ್ಟಿ ಅಂದ್ರೆ ಯಾರು? ಅದನ್ನೇ ಕೂಗ್ತಿದ್ರಿ."

ಊರಲ್ಲಿದ್ದಾಗ ನನ್ನ ಕ್ಲಾಸಿನ ಪ್ರವಾಸಕ್ಕೆಲ್ಲ ಪುಟ್ಟಿಯೂ ಬರುತ್ತಿದ್ದಳಲ್ಲ, ಜೋಡಿ ಸಿಗದೆ ನನ್ನ ಕೈಗೇ ಜೋತುಬೀಳುತ್ತಿದ್ದಳಲ್ಲ. ಕೈಗೆ ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ, ಅಕ್ಕ. ನನ್ನ ಮಗಳು ಎಂದೆ. ಮಾತಿನಮಲ್ಲಿ ದಡ ಸೇರುವವರೆಗೂ ನನ್ನ ಕೈ ಹಿಡಿದುಕೊಂಡು ಕೂತಳು.

ನಾನು ಸಹಿ ಹಾಕುವುದಿಲ್ಲ. ಡಿಸೆಂಬರಿನಲ್ಲಿ ಹೊರಟುಬರುತ್ತೇನೆ. ಭಾವನಿಗೆ ನಮಸ್ಕಾರ ತಿಳಿಸು. ಪುಟ್ಟಿಗೆ ನನ್ನ ಆಶೀರ್ವಾದ, ಎರಡೂ ಕೆನ್ನೆಗೆ ಮುತ್ತು.

ಇತಿ,
ನಿನ್ನ ತಂಗಿ

ಮರೆತಿದ್ದೆ: ಉಳಿದ ಟಿಕೆಟ್ ಇದರೊಳಗಿಟ್ಟಿದ್ದೇನೆ, ಪುಟ್ಟಿಗೆ ಕೊಡು. ನಿನ್ನ ಕಾಗದ ಬಂದ ದಿನವೇ, ಬಾಯಲ್ಲೇ ಉತ್ತರ ಹೇಳೋಣವೆಂದು ಫೋನ್ ಮಾಡಿದ್ದೆನಲ್ಲ. ಅವಳೇ ಎತ್ತಿದಳು. "ಅಮ್ಮಾ, ಚಿಕ್ಕಮ್ಮ ಫೋನ್ ಮಾಡಿದ್ದಾರೆ" ಎಂದು ನಿನ್ನನ್ನು ಕೂಗಿದಳು. ನೀನು ತಿದ್ದಲಿಲ್ಲ. ತಿದ್ದಲು ನನಗೂ ಬಾಯಿ ಬರಲಿಲ್ಲ. ಇಬ್ಬರೂ ನಿನ್ನ ನೆಗಡಿಯ ವಿಷಯ ಮಾತಾಡಿ ಫೋನಿಟ್ಟೆವು.