ಭೂತಮ್ಮನ ಟಿಕೆಟ್

ಭಾನುವಾರ, 24 ನವೆಂಬರ್ 1996

ಅಕ್ಷರ ಸೊಟ್ಟ. ಒತ್ತುಗಳು ಎಲ್ಲೆಲ್ಲೋ ತಪ್ಪಿರುತ್ತವೆ. ನಾಲ್ಕನೇ ಕ್ಲಾಸಿಗೇ ಬಿಟ್ಟವಳು, ಕ್ಷಮಿಸಬೇಕು... ಯಾರು ಕ್ಷಮಿಸುವುದು, ಓದುವವರೇ ಇಲ್ಲ.

ಇವತ್ತೂ ಅರ್ಧ ದಿನ ಕಾಫಿ ಹಣ್ಣು ಕುಯ್ದೆವು. ಸಂಜೆ ನಾವು ಆಳುಗಳಿರುವ ಲೈನ್ ಮನೆಗಳ ಮುಂದೆ ಪ್ರಾರ್ಥನೆ. ಉಪದೇಶಿ ಸತ್ಯಮಿತ್ರ ಬೆಳಗೋಡಿನಿಂದ ಸೈಕಲ್ಲಿನಲ್ಲಿ ಬಂದರು. ತೋಟದ ಸಾವ್ಕಾರ್ರು ಒಪ್ಪಿರುವುದು ವಾರಕ್ಕೆ ಒಂದು ಗಂಟೆ. ಮೆಥೋಡಿಸ್ಟ್ ಹಿರಿಯರ ಹಳೇ ಪದ್ಧತಿ ಅಂತ ಎಲ್ಲರಿಗೂ ಮೊಹರು ಒತ್ತಿದ ಒಂದೊಂದು ಹಳದಿ ಟಿಕೆಟ್ ಕೊಟ್ಟರು. ಸಭೆಗೆ ಸೇರಿದವರು ಅನ್ನುವ ಗುರುತು. ಹೆಸರು ಬರೆದವಳು ನಾನು.

ಸಮುದ್ರದಾಚೆ ದ್ವೀಪಗಳಲ್ಲಿ, ಕಬ್ಬಿನ ತೋಟದ ಗುಲಾಮರಿಗೂ ಪಾದ್ರಿಗಳು ಹೀಗೇ ಟಿಕೆಟ್ ಕೊಡುತ್ತಿದ್ದರಂತೆ. ಇನ್ನೂರು ವರ್ಷದ ಹಿಂದೆ.

"ಅಲ್ಲಿ ಸಾವ್ಕಾರ್ರು ಅವ್ರನ್ನ ಒಳಿಕ್ಕೆ ಬುಟ್ರಾ?" ಪಕ್ಕದ ಮನೆ ಭೂತಮ್ಮ ಕೇಳಿದಳು.

"ಆಳುಗಳು ಹೇಳಿದ ಮಾತು ಕೇಳ್ತಾರೆ ಅಂತ ಸಾವ್ಕಾರ್ರನ್ನ ಒಪ್ಪಿಸಿ ಒಳಗೆ ಹೋದ್ರು ಕಣಮ್ಮ," ಅಂದರು ಉಪದೇಶಿ.

"ಬುದ್ವಂತ್ರು ಬುಡಿ."

ಎಲ್ಲರೂ ನಕ್ಕರು. ಉಪದೇಶಿ ನಗಲಿಲ್ಲ.

ಬುಧವಾರ, 27

ಭೂತಮ್ಮ ಮಾವನ ಕಾಲದಿಂದ ಈ ತೋಟಕ್ಕೆ ಜೀತ. ಜೀತದವರು ಗೇಟು ದಾಟಬೇಕಾದರೆ ತೋಟದ ಲೆಕ್ಕ ಬರೆಯುವ ರೈಟರ್ ಯೋಗೇಶ್ ಚೀಟಿ ಬರೆದುಕೊಡಬೇಕು. ನಮ್ಮಂಥ ದಿನಗೂಲಿಯವರಿಗೆ ಬೇಡ. ಬಸ್ಸು ಹಿಡಿದು ಹೋಗಬೇಕಾದ ಪಾಳ್ಯದಲ್ಲಿ ಅವಳ ಮಗಳು ಕೆಂಚಮ್ಮನಿಗೆ ದಿನ ತುಂಬಿದೆ. ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಆಗಲೂ ತಾಯಿಗೆ ಚೀಟಿ ಸಿಕ್ಕಿರಲಿಲ್ಲ.

ಇವತ್ತು ಕೇಳಿದಳು. ಕುಯ್ಲು ಮುಗೀಲಿ ಅಂದ ರೈಟರ್.

"ಹೊಟ್ಟೇಲಿರೋ ಕೂಸಿಗೂ ಹೇಳ್ಬುಡಿ ಸ್ವಾಮಿ, ಕುಯ್ಲು ಮುಗಿಯೋಗಂಟ ತಡ್ಕೊ ಅಂತ."

ಶುಕ್ರವಾರ, 29

ಬೆಳಿಗ್ಗೆ ಭೂತಮ್ಮ ಹಳದಿ ಟಿಕೆಟ್ ಹಿಡಿದು ಬಂದಳು. "ನನ್ ಹೆಸ್ರು ಐತೆ, ಮೊಹರೂ ಐತೆ. ಗೇಟಿಗೆ ಇನ್ನೇನವ್ವ ಬೇಕು?"

ಅದು ಗೇಟಿನ ಚೀಟಿ ಅಲ್ಲ ಅಂತ ನನಗೆ ಗೊತ್ತು. ಹೇಳದೆ ಬುಟ್ಟಿ ಎತ್ತಿಕೊಂಡು ಕುಯ್ಲಿಗೆ ಹೊರಟೆ.

ಗೇಟಿನ ದ್ಯಾವಯ್ಯನಿಗೆ ಓದು ಬರುವುದಿಲ್ಲ. ಮೊಹರು ನೋಡಿ ಬಿಟ್ಟ. ಬೆಳಗೋಡಿನ ಬಸ್ ಸ್ಟಾಪಿನಲ್ಲಿ ಎಸ್ಟೇಟಿನ ಜೀಪು ಅವಳನ್ನು ಹಿಡಿದು ವಾಪಸ್ ತಂದಿತು. ಮಧ್ಯಾಹ್ನ ಕುಯ್ಲಿಗೆ ನಿಂತಳು.

ಭಾನುವಾರ, 1 ಡಿಸೆಂಬರ್

ಟಿಕೆಟ್ ವಾಪಸ್ ತಗೊಳ್ಳಿ, ಇಲ್ಲ ಬರಬೇಡಿ — ಸಾವ್ಕಾರ್ರ ಮಾತು. ಉಪದೇಶಿ ಒಪ್ಪಿಕೊಂಡರು. "ಟಿಕೆಟ್ ಹೋದ್ರೂ ಪ್ರಾರ್ಥನೆ ಉಳಿಯುತ್ತೆ." ಮುಖ ಮಾತ್ರ ಎತ್ತಲಿಲ್ಲ. ವಸೂಲಿ ನನ್ನ ಕೈಯಲ್ಲೇ ಮಾಡಿಸಿದರು.

ಭೂತಮ್ಮ ಮುಷ್ಟಿ ಬಿಡಲಿಲ್ಲ. "ಬರ್ದೋಳೂ ನೀನೇ. ಕಿತ್ಕೊ, ಬಾ."

ಭೂತಮ್ಮಂದು ಕಳೆದುಹೋಗಿದೆ ಅಂದೆ. ಉಪದೇಶಿ ನನ್ನನ್ನು ನೋಡಿ, ಹಾಗೇ ಬರ್ಕೊತೀನಿ ಅಂದರು.

ಶನಿವಾರ, 7. ಬೆಳಿಗ್ಗೆ 8

ಗೇಟಿನ ಒಳಗಡೆ ನಿಂತು ಜೀಪು ಹಾರನ್ ಹೊಡೆಯುತ್ತಲೇ ಇದೆ. ಬೆಳಗೋಡಿನಿಂದ ಪಾಳ್ಯದ ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ.

ಆರು ಗಂಟೆಗೆ ಹಾಲಿನ ವ್ಯಾನಿನವನು ಸುದ್ದಿ ತಂದ. ಕೆಂಚಮ್ಮನಿಗೆ ನೋವು ಶುರುವಾಗಿದೆ. ಅವ್ವ ಅವ್ವ ಅಂತಾಳಂತೆ. ಏಳರ ಹೊತ್ತಿಗೆ ಭೂತಮ್ಮನ ಜೊತೆ ನಾನೂ ಗೇಟಿಗೆ ಹೋದೆ. ಅವಳು ಟಿಕೆಟ್ ಚಾಚಿದಳು.

"ಅದು ಚೀಟಿ ಅಲ್ಲ, ದ್ಯಾವಯ್ಯ. ಚೀಟಿ ಇಲ್ಲ. ಆದ್ರೂ ಇವಳು ಹೋಗ್ತಾಳೆ." ಅಂದವಳು ನಾನೇ.

"ಓದಾಕ್ ಬರಲ್ಲ ಅಂತ ಹೋದ್ ವಾರ ಉಗಿಸ್ಕೊಂಡೆ. ಈಗ ಕಣ್ಣೂ ಕಾಣಾಕಿಲ್ಲ ಅನ್ಲಾ, ಮಾರಾಯ್ತಿ?"

ಬೀಗ ತೆಗೆದ. ಕೀಲಿ ಅದರಲ್ಲೇ ಬಿಟ್ಟು, ಗೋಡೆಯ ಕಡೆ ತಿರುಗಿ ಬೀಡಿ ಹುಡುಕತೊಡಗಿದ.

ಭೂತಮ್ಮ ಓಡಲಿಲ್ಲ. ನಡೆದೇ ಹೋದಳು. ತಿರುವು ದಾಟಿದ ಮೇಲೆ ಗೇಟು ಎಳೆದೆ. ಒಳಗಿನಿಂದ ಬೀಗ ಒತ್ತಿದೆ. ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದೆ. ಬಸ್ಸು ಹೊರಡುವವರೆಗೆ ಜೀಪು ಒಳಗೇ —