ಮೈದುನನ ಪಾಲಾದ ಹೆಲಿಕಾಪ್ಟರ್

ಹೊಸಹಳ್ಳಿ, ವಿಜಯನಗರ
ಬೆಂಗಳೂರು
5-10-1987

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಚಳಿಗೆ ಬೆರಳು ಬಿರುಕು ಬಿಟ್ಟಿವೆ ಎಂದು ಬರೆದಿದ್ದಿರಿ. ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಾಗುತ್ತದೆ ಎಂದು ನೆಪ ಹೇಳಬೇಡಿ, ಒಲೆಯ ಹತ್ತಿರ ಇಟ್ಟು ಹಚ್ಚಿಕೊಳ್ಳಿ. ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಪಾಪು ಆಕಾಶದಲ್ಲಿ ಏನು ಹಾರಿದರೂ ಅಪ್ಪಾ ಎಂದು ಕೈ ಬೀಸುತ್ತಾಳೆ. ನಾನು ಮಾತ್ರ ಚೆನ್ನಾಗಿಲ್ಲ. ಮೈಗೇನೂ ಆಗಿಲ್ಲ, ಹೊಟ್ಟೆಕಿಚ್ಚು. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ?

ಹೆಲಿಕಾಪ್ಟರ್ ಯಾರದಾಗಬೇಕು ಎಂದು ಏರ್ ಫೋರ್ಸಿನವರೂ ಆರ್ಮಿಯವರೂ ವರ್ಷಗಟ್ಟಲೆ ಜಗ್ಗಾಡಿದರು ಎಂದು ನೀವೇ ಹೇಳುತ್ತಿದ್ದಿರಿ. ಹಾರುವುದೆಲ್ಲ ನಮ್ಮದು ಎಂದು ನಿಮ್ಮವರು, ನಮ್ಮ ಸೈನಿಕರಿಗಾಗಿ ಹಾರುವುದು ನಮ್ಮ ಕೈಯಲ್ಲೇ ಇರಲಿ ಎಂದು ಅವರು. ಆ ಜಗ್ಗಾಟ ಅಲ್ಲಿ ಮುಗಿದು ಈಗ ನಮ್ಮ ನಲ್ಲಿ ಕಟ್ಟೆಗೆ ಬಂದಿದೆ. ನಿಮ್ಮ ತಮ್ಮನ ಹೆಂಡತಿ ಹನುಮಕ್ಕ ಬಿಂದಿಗೆ ಇಡುತ್ತಲೇ, ಬೀದಿಗೆಲ್ಲ ಕೇಳುವಂತೆ, "ಅಕ್ಕಾ, ಇನ್ಮೇಲೆ ಹೆಲಿಕಾಪ್ಟರ್ ಆರ್ಮೀದು ಕಣಕ್ಕಾ!" ಎಂದಳು. ನನಗೆ ನೀರು ತುಂಬಿದ್ದೂ ತಿಳಿಯಲಿಲ್ಲ.

ಹೋಗಲಿ ಎಂದರೆ, ಹೋಗಿದ್ದು ನೀವು ಮದುವೆಗೆ ಮುಂಚಿನಿಂದ ನಟ್ಟು ಬೋಲ್ಟು ಬಿಗಿದು ಸಾಕಿದ ಆ ಒಂದೇ ಹೆಲಿಕಾಪ್ಟರ್, ಅದೂ ನಿಮ್ಮ ತಮ್ಮ ಕೇಶವನ ಯೂನಿಟ್ಟಿಗೇ! ಅವನು ಅದರ ಮುಂದೆ ಎದೆ ಉಬ್ಬಿಸಿ ನಿಂತ ಫೋಟೋ ಕಳಿಸಿದ್ದಾನೆ. ಬಾಗಿಲ ಕೆಳಗೆ ನೀವು ಹಾಕಿದ ತೇಪೆ ಕೂಡ ಕಾಣುತ್ತದೆ. ಹನುಮಕ್ಕ ಅದಕ್ಕೆ ಕಟ್ಟು ಹಾಕಿಸಿ ಅದೇ ಹೆಲಿಕಾಪ್ಟರಿನ ಮುಂದೆ ನೀವು ನಿಂತ ಫೋಟೋ ಪಕ್ಕದಲ್ಲೇ, ಒಂದು ಗೇಣು ಮೇಲಕ್ಕೆ ಮೊಳೆ ಹೊಡೆದಿದ್ದಾಳೆ. ಪ್ರತಿ ಆಯುಧಪೂಜೆಗೂ ಅತ್ತೆ ಸೈಕಲ್ಲಿಗಿಂತ ಮೊದಲು ನಿಮ್ಮ ಫೋಟೋದ ಗಾಜಿನ ಮೇಲೆ, ಸರಿಯಾಗಿ ಹೆಲಿಕಾಪ್ಟರಿನ ಮೂಗಿಗೆ ಕುಂಕುಮ ಇಡುತ್ತಿದ್ದರಲ್ಲ? ಈ ಸಲ ನೇರ ಕೇಶವನ ಫೋಟೋಗೆ ಇಟ್ಟು ಚೆಂಡುಹೂ ಸಿಕ್ಕಿಸಿದರು. ನಾನು ಮುಖ ಊದಿಸಿದ್ದಕ್ಕೆ, "ಯಾಕಮ್ಮಾ ಗಂಗಾ? ದೊಡ್ಡೋನ ಕೈಯಿಂದ ಚಿಕ್ಕೋನ ಕೈಗೆ ಬಂತು. ಹೊರಗಿನೋರ ಪಾಲೇನೂ ಆಗ್ಲಿಲ್ವಲ್ಲ" ಎಂದರು. ಹೆಲಿಕಾಪ್ಟರನ್ನೇನು ಉಲ್ಲಾಳದ ನಮ್ಮ ಪಿತ್ರಾರ್ಜಿತ ಹೊಲ ಎಂದುಕೊಂಡಿದ್ದಾರೋ! ನಗು ಬರಬೇಕಿತ್ತು, ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಕೇಶವನ ಯೂನಿಟ್ಟಿನ ಆರ್ಮಿ ಹುಡುಗರಿಗೆ ಕೆಲಸ ಕಲಿಸುತ್ತ ಇನ್ನೊಂದು ವರ್ಷ ಇಲ್ಲೇ ಇರುತ್ತೀಯಾ, ಇಲ್ಲ ಜಾಲಹಳ್ಳಿಗೆ ವರ್ಗವಾಗಿ ಬರುತ್ತೀಯಾ ಎಂದು ಸಾಹೇಬರು ಕೇಳಿದ್ದಾರೆ, ನೀನೇನಂತೀಯ ಎಂದು ಬರೆದಿದ್ದಿರಿ. ಇದನ್ನೂ ಕೇಳಬೇಕೇ? ಬಂದುಬಿಡಿ. ಕಿತ್ತುಕೊಂಡವರಿಗೆ ಕಲಿಸಿ ಬೇರೆ ಕೊಡಬೇಕೇ? ಒಂದು ಸ್ಕ್ರೂ ತಿರುಗಿಸುವುದನ್ನೂ ಹೇಳಿಕೊಡಬೇಡಿ. ಜಾಲಹಳ್ಳಿಯಾದರೆ ಸಂಜೆಗೆ ಮನೆಯಲ್ಲಿರುತ್ತೀರಿ. ಪಾಪುವಿಗೆ ಫೋಟೋದ ಅಪ್ಪ ಸಾಕಾಗಿದೆ. ನನಗೂ.

ಅತ್ತೆಯ ಆಶೀರ್ವಾದ, ಪಾಪುವಿನ ಮುತ್ತು, ನನ್ನ ಕೋಪ ಮೂರನ್ನೂ ಇದರೊಳಗೆ ಮಡಚಿಟ್ಟಿದ್ದೇನೆ.

ನಿಮ್ಮವಳೇ ಆದ
ಗಂಗಲಕ್ಷ್ಮಿ

ಮರೆತಿದ್ದು: ಪತ್ರ ಅಂಟಿಸಲು ಅನ್ನದ ಅಗುಳು ತರಲು ಎದ್ದೆ. ಹನುಮಕ್ಕ ಒಲೆ ಮುಂದೆ ಅಳುತ್ತಿದ್ದಳು. ಕೇಶವ ಈಗ ದಿನವೂ ಅದರಲ್ಲೇ ಬೆಟ್ಟದ ಮೇಲಕ್ಕೆ ಸಾಮಾನು ಒಯ್ಯುತ್ತಾನಂತೆ. "ಭಾವ ಕೈಯಾರೆ ನೋಡಿ ಕಳಿಸ್ತಾರೆ ಅನ್ನೋದೊಂದೇ ಧೈರ್ಯ ಕಣಕ್ಕಾ. ಭಾವ ಬಂದ್ಬಿಟ್ರೆ ನಾನೇನ್ ಮಾಡ್ಲಿ?" ಎಂದಳು. ಅಗುಳನ್ನು ಅಲ್ಲೇ ಬಿಟ್ಟು ಬಂದು ಮತ್ತೆ ಪೆನ್ನು ಹಿಡಿದಿದ್ದೇನೆ. ರೀ, ಮೇಲೆ ಬರೆದಿದ್ದನ್ನು ಬಿಟ್ಟುಬಿಡಿ. ಈ ವರ್ಷ ಬರಬೇಡಿ. ಆ ಹುಡುಗರಿಗೆ ಎಲ್ಲವನ್ನೂ ಕಲಿಸಿ, ಕೇಶವ ಹತ್ತುವ ಮುಂಚೆ ಮಾತ್ರ ನೀವೇ ಒಂದು ಸಲ ನೋಡಿ. ನಾನು ಹೀಗೆ ಬರೆದೆನೆಂದು ಅವನಿಗೆ ಹೇಳಬೇಡಿ, ಹನುಮಕ್ಕನಿಗೆ ಗೊತ್ತಾಗುತ್ತದೆ. ಅವಳು ಹಾಕಿದ ಕೇಶವನ ಫೋಟೋವನ್ನು ಮಾತ್ರ ನಾಳೆ ಒಂದು ಗೇಣು ಕೆಳಗಿಳಿಸಿ ನಿಮ್ಮದರ ಸಮಕ್ಕೆ ತರುತ್ತೇನೆ.