ಹುಟ್ಟಿನಿಂದಲೇ ಇದ್ದದ್ದು

ಅಣ್ಣಾ,

ನೀನು ಓದೋದಿಲ್ಲ ಅಂತ ಗೊತ್ತಿದ್ದೂ ಬರೀತಿದ್ದೀನಿ. ಇವತ್ತು ನಮ್ಮ ಲೇತ್ ಅಂಗಡಿಗೆ ಬೀಗ ಹಾಕಿ, ಮಕ್ಕಳಾಗಿಲ್ಲ ಅಂತ ಮಾಡಿಸಿದ್ದ ಪರೀಕ್ಷೆಗಳ ಫಲಿತಾಂಶ ಕೇಳೋಕೆ ಹೆಂಡತಿ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಸೊಸೆಯಲ್ಲಿ ಏನು ದೋಷ ಅಂತ ತಾನೇ ಕೇಳಬೇಕು ಅಂತ ಅಮ್ಮನೂ ಹಟ ಹಿಡಿದು ಬಂದಿದ್ದಳು.

ಡಾಕ್ಟರು ನನ್ನ ಕಡೆ ತಿರುಗಿದರು. "ವೀರ್ಯಾಣು ಬೆಳೆಯೋಕೆ ಬೇಕಾದ ಒಂದು ಜೀನ್ ನಿಮ್ಮಲ್ಲಿ ಕೆಟ್ಟಿದೆ. ಹುಟ್ಟಿನಿಂದಲೇ ಹೀಗೆ. ತಂದೆ ತಾಯಿ ಇಬ್ಬರಿಂದಲೂ ಬಂದಿರುತ್ತೆ, ಅವರಿಗೆ ಗೊತ್ತೂ ಆಗಿರಲ್ಲ. ಅಣ್ಣತಮ್ಮಂದಿರು ಇದ್ದರೆ ಅವರಿಗೂ ಇರಬಹುದು."

"ಒಬ್ಬ ಅಣ್ಣ ಇದ್ದ" ಅಂದೆ.

ಅತ್ತಿಗೆಯನ್ನು ಬಂಜೆ ಅಂತ ತವರಿಗೆ ಅಟ್ಟಿದವಳು ಅಮ್ಮ. ಅತ್ತಿಗೆ ಬೇರೆ ಮದುವೆಯಾಗಿ ಬಸುರಿಯಾದ ಸುದ್ದಿ ಬಂದ ಮೇಲೆ ನೀನು ಜೀವ ಕಳೆದುಕೊಂಡೆ. ಯಾಕೆ ಅಂತ ಮನೆಯಲ್ಲಿ ಇವತ್ತಿನವರೆಗೂ ಯಾರೂ ಬಾಯಿಬಿಟ್ಟಿಲ್ಲ.

ಬಸ್ಸಿನಲ್ಲಿ ಅಮ್ಮ ಸೊಸೆಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಇವಳು ಮೆಲ್ಲಗೆ ಕೈ ಬಿಡಿಸಿಕೊಂಡು ಕಿಟಕಿ ಕಡೆ ತಿರುಗಿದಳು.

ಮನೆಗೆ ಬಂದು ಗೋಡೆಗೆ ಒರಗಿ ಕೂತ ಅಮ್ಮ ಕೇಳಿದಳು, "ನಿಮ್ಮಣ್ಣನಿಗೆ ಇದನ್ನ ಯಾರಾದರೂ ಮೊದಲೇ ಹೇಳಿದ್ದಿದ್ದರೆ ಇರ್ತಿದ್ದನೇನೋ?"

"ಗೊತ್ತಿಲ್ಲಮ್ಮ" ಅಂದೆ.

ಅಮ್ಮ ಊಟಕ್ಕೆ ಏಳಲಿಲ್ಲ. ನಾನೂ ಕರೆಯಲಿಲ್ಲ.